ಗಾಯದ ಕರೆ

ಚಾಮರಾಜನಗರ ಮತ್ತು ಗುಂಡ್ಲುಪೇಟೆಗಳ ನಡುವೆ ಹರವೆಯ ಸೀಮೆ ಹರಡಿಕೊಂಡಿದೆ. ಪಡುವಣ ಘಟ್ಟದ ಮಳೆಯ ಬಹುಪಾಲು ಆಚೆಯೇ ಸುರಿದುಹೋಗುವುದರಿಂದ ಇದು ಮಳೆಯ ನೆರಳಿನ ನಾಡು. ಇಲ್ಲಿಯ ರೈತನು ಮುಗಿಲನ್ನು ನಂಬಿ ಜೋಳ, ರಾಗಿ, ಹುರುಳಿಗಳನ್ನು ಬಿತ್ತುತ್ತಾನೆ; ಸೂರ್ಯಕಾಂತಿಯನ್ನು ಬೆಳೆಯುತ್ತಾನೆ; ನೀರಿನ ಆಸರೆಯಿದ್ದಲ್ಲಿ ಅರಿಶಿನವನ್ನು ಹಾಕುತ್ತಾನೆ. ಹೊಲದ ಬದುಗಳಲ್ಲಿ ಕಲ್ಲುಗುಡ್ಡೆಗಳು, ಮುಳ್ಳಿನ ಬೇಲಿಗಳು, ಇಲಿಯ ಬಿಲಗಳು. ದವಸವಿರುವಲ್ಲಿ ಇಲಿ, ಇಲಿಯಿರುವಲ್ಲಿ ಹಾವು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕೂ ನಮ್ಮ ದೇಶದಲ್ಲಿ ಹೆಚ್ಚಿನ ಸಾವುನೋವುಗಳಿಗೆ ಕಾರಣವಾದ ಹಾವುಗಳು. ಅವುಗಳಲ್ಲಿ ಒಣನೆಲವನ್ನು ಮೆಚ್ಚಿ ನೆಲೆಸುವುದು ಗರಗಸಮಂಡಲ. ಉರಿಮಂಡಲವೆಂಬುದೂ ಅದರದೇ ಹೆಸರು.

ಇದು ನೋಡುವುದಕ್ಕೆ ಚಿಕ್ಕ ಹಾವು. ಸಾಮಾನ್ಯವಾಗಿ ಒಂದು, ಒಂದೂವರೆ ಅಡಿಯನ್ನು ಮೀರುವುದಿಲ್ಲ. ಮೈಬಣ್ಣ ಮಣ್ಣಿನೊಡನೆ ಬೆರೆತುಹೋಗುವಂತಹುದು. ಕೆಣಕಿದಾಗ ಸುರುಳಿ ಸುತ್ತಿಕೊಂಡು, ಗರಗಸದಂತಹ ತನ್ನ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ, ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿದಂತೆ ಸದ್ದು ಮಾಡುತ್ತದೆ. ಆ ಸದ್ದು ಕೇಳಿ ಹಿಂದೆ ಸರಿದವನು ಬದುಕಿದ. ಆದರೆ ಬಗ್ಗಿ ಕಳೆ ಕೀಳುವವರಿಗೆ ಹಾವಿನ ಸದ್ದೂ ಒಣಗಿದ ತರಗಿನ ಸದ್ದೂ ಒಂದೇ ಆಗಿ ಕೇಳಿಸುವುದುಂಟು.

ಅಂತಹ ಹೊಲವೊಂದರಲ್ಲಿ ಕಳೆ ಕೀಳುತ್ತಿದ್ದ ಹೆಣ್ಣುಮಗಳೊಬ್ಬಳಿಗೆ ಈ ಹಾವು ಕಚ್ಚಿತೆಂದು ಭಾವಿಸಬಹುದು. ಮೊದಲು ಮುಳ್ಳು ಚುಚ್ಚಿದಂತಹ ನೋವು. ಅನಂತರ ಉರಿ. ಸ್ವಲ್ಪ ಹೊತ್ತಿನಲ್ಲಿಯೇ ಪಾದ ಊದತೊಡಗುತ್ತದೆ. ಮನೆಯವರು ಅವಳನ್ನು ಆಸ್ಪತ್ರೆಗೆ ಕರೆತರುತ್ತಾರೆ. ವೈದ್ಯರು ಅವಳ ತೋಳಿನಿಂದ ಎರಡು ಮಿಲಿಲೀಟರಿನಷ್ಟು ರಕ್ತವನ್ನು ತೆಗೆದು, ಶುಚಿಯಾದ ಒಣ ಗಾಜಿನ ನಳಿಗೆಯಲ್ಲಿ ಹಾಕಿ, ಅಲುಗಾಡಿಸದೆ ೨೦ ನಿಮಿಷ ಇಡುತ್ತಾರೆ. ಬೇರಾವ ಯಂತ್ರವೂ ಬೇಡದ, ಸಣ್ಣ ಆಸ್ಪತ್ರೆಯಲ್ಲಿಯೂ ಮಾಡಬಹುದಾದ ಪರೀಕ್ಷೆ ಅದು. ಆರೋಗ್ಯವಂತರ ರಕ್ತವಾದರೆ ಅಷ್ಟರಲ್ಲಿ ಹೆಪ್ಪುಗಟ್ಟಿರುತ್ತದೆ. ನಳಿಗೆಯನ್ನು ಓರೆ ಮಾಡಿದರೂ ಹರಿಯುವುದಿಲ್ಲ. ಇವಳ ರಕ್ತ ಮಾತ್ರ ನೀರಿನಂತೆ ಹರಿಯುತ್ತದೆ. ವಿಷವು ರಕ್ತಕ್ಕೆ ಸೇರಿದೆ ಎಂದು ವೈದ್ಯರಿಗೆ ತಿಳಿಯುತ್ತದೆ. ಕೂಡಲೆ ಪ್ರತಿವಿಷವನ್ನು ಕೊಡುತ್ತಾರೆ. ರಕ್ತ ಮತ್ತೆ ಹೆಪ್ಪುಗಟ್ಟುವ ಗುಣವನ್ನು ಪಡೆಯುತ್ತದೆ, ಪ್ರಾಣ ಉಳಿಯುತ್ತದೆ. ಆದರೆ ಕಚ್ಚಿದ ಜಾಗದ ಮಾಂಸ ಮಾತ್ರ ಕಪ್ಪಾಗಿ ಕೊಳೆಯುತ್ತ ಹೋಗುತ್ತದೆ. ಕೆಲವರು ಬೆರಳನ್ನೂ ಕೆಲವರು ಪಾದವನ್ನೂ ಕಳೆದುಕೊಂಡಿದ್ದಾರೆ.

ಇಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ನಳಿಗೆಯ ರಕ್ತ ಹೆಪ್ಪುಗಟ್ಟಲಿಲ್ಲವೇಕೆ? ಪ್ರತಿವಿಷವು ಪ್ರಾಣವನ್ನು ಉಳಿಸಿದರೂ ಪಾದವನ್ನು ಉಳಿಸಲು ಅಶಕ್ತವಾದುದೇಕೆ? ಇವಕ್ಕೆ ಉತ್ತರ ಹುಡುಕಹೊರಟವರು ಮನುಷ್ಯನ ರಕ್ತದ ಒಂದು ಗುಟ್ಟನ್ನೇ ಬಿಡಿಸಬೇಕಾಯಿತು. ಗಾಯವಾದಾಗ ರಕ್ತವು ಹೆಪ್ಪುಗಟ್ಟುವುದು, ರೋಗಾಣುಗಳನ್ನು ಗುರುತಿಸುವುದು, ಬಿಳಿಯ ರಕ್ತಕಣಗಳು ಗಾಯದೆಡೆಗೆ ಧಾವಿಸುವುದು, ಈ ಮೂರನ್ನೂ ಮೂರು ಬೇರೆ ಬೇರೆ ಕೆಲಸಗಳೆಂದು ಬಹುಕಾಲ ಎಣಿಸಲಾಗಿತ್ತು. ಅವು ಒಂದೇ ಹಗ್ಗದ ಮೂರು ಎಳೆಗಳೆಂಬುದು ಕ್ರಮೇಣ ತಿಳಿದುಬಂದಿತು.

ಮೊದಲನೆಯ ಎಳೆ ಹೆಪ್ಪುಗಟ್ಟುವಿಕೆ. ಕಾದಾರಿದ ಒಂದು ಪಾತ್ರೆ ಹಾಲಿಗೆ ಒಂದು ಚಮಚ ಮಜ್ಜಿಗೆಯನ್ನು ಬೆರೆಸಿದರೆ ಬೆಳಗಾಗುವುದರೊಳಗೆ ಹಾಲೆಲ್ಲ ಗಟ್ಟಿ ಮೊಸರಾಗಿರುತ್ತದೆ. ಹೆಪ್ಪು ಅಲ್ಪ, ಅದರ ಕಾರ್ಯ ಅಧಿಕ. ರಕ್ತದಲ್ಲಿಯೂ ಇಂತಹ ಅಲ್ಪವೇ ಅಧಿಕವನ್ನು ಸಾಧಿಸುತ್ತದೆ. ಆದರೆ ಇಲ್ಲಿ ಕೆಲಸ ಮಾಡುವುದು ಮಜ್ಜಿಗೆಯಲ್ಲಿರುವಂತಹ ಜೀವಾಣುವಲ್ಲ, ಕಿಣ್ವ. ರಕ್ತನಾಳವು ಹರಿದೊಡನೆ ಅದರ ಹೊರಗಿನ ಅಂಗಾಂಶದ ಪ್ರೋಟೀನೊಂದು ರಕ್ತಕ್ಕೆ ತಾಗುತ್ತದೆ. ಅದುವರೆಗೆ ನಿದ್ರಿಸುತ್ತಿದ್ದ ಒಂದು ಕಿಣ್ವವು ಎಚ್ಚರಗೊಳ್ಳುತ್ತದೆ. ಎಚ್ಚೆತ್ತ ಕಿಣ್ವ ಮುಂದಿನದನ್ನು ಎಬ್ಬಿಸುತ್ತದೆ, ಅದು ಅದರ ಮುಂದಿನದನ್ನು. ಒಂದೊಂದು ಕಿಣ್ವವೂ ತನ್ನ ಮುಂದಿನ ಹಂತದ ಅಸಂಖ್ಯ ಕಣಗಳನ್ನು ಎಬ್ಬಿಸುವುದರಿಂದ ಮೊದಲಿನ ಹನಿ ಕೊನೆಗೆ ಹೊಳೆಯಾಗುತ್ತದೆ. ೧೯೬೪ರಲ್ಲಿ ಇಂಗ್ಲೆಂಡಿನ ಮ್ಯಾಕ್‌ಫರ್ಲೇನ್ ಎಂಬ ವಿಜ್ಞಾನಿಯೂ ಅಮೆರಿಕದ ಡೇವಿ ಮತ್ತು ರ‍್ಯಾಟ್ನಾಫ್ ಎಂಬವರೂ ಬೇರೆ ಬೇರೆಯಾಗಿ ಈ ಸರಣಿಯನ್ನು ವಿವರಿಸಿ, ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಧುಮುಕುವ ಜಲಪಾತಕ್ಕೆ ಹೋಲಿಸಿದರು.

ಈ ಜಲಪಾತದ ತಳದಲ್ಲಿ ದೊರೆಯುವ ಕಿಣ್ವವೇ ಥ್ರಾಂಬಿನ್. ರಕ್ತದಲ್ಲಿ ಕರಗಿರುವ ಫೈಬ್ರಿನೊಜೆನ್ ಎಂಬ ಪ್ರೋಟೀನನ್ನು ಥ್ರಾಂಬಿನ್ ಕತ್ತರಿಸಿ, ಫೈಬ್ರಿನ್ ಎಂಬ ನೂಲನ್ನಾಗಿ ಮಾಡುತ್ತದೆ. ನೂಲುಗಳು ಹೆಣೆದುಕೊಂಡು ಬಲೆಯಾಗುತ್ತವೆ. ಬಲೆಯಲ್ಲಿ ಕೆಂಪು ರಕ್ತಕಣಗಳೂ ಕಿರುತಟ್ಟೆಗಳೂ ಸಿಕ್ಕಿಕೊಳ್ಳುತ್ತವೆ. ಒಡೆದ ಕಾಲುವೆಗೆ ಕಟ್ಟೆ ಹಾಕಿದಂತೆ ಗಾಯವು ಮುಚ್ಚುತ್ತದೆ.

ಗರಗಸಮಂಡಲದ ವಿಷವು ಈ ಜಲಪಾತಕ್ಕೆ ಅಡ್ಡದಾರಿಯಿಂದ ನುಗ್ಗುತ್ತದೆ. ಥ್ರಾಂಬಿನ್ನಿನ ಪೂರ್ವರೂಪವಾದ ಪ್ರೋಥ್ರಾಂಬಿನ್ನನ್ನು ಅದು ನೇರವಾಗಿಯೇ ಎಬ್ಬಿಸುತ್ತದೆ. ಕೊಳಕುಮಂಡಲದ ವಿಷವು ಅದಕ್ಕಿಂತ ಮೇಲಿನ ಮೆಟ್ಟಿಲಿನಲ್ಲಿರುವ ಹತ್ತನೆಯ ಮತ್ತು ಐದನೆಯ ಅಂಶಗಳನ್ನು ಎಬ್ಬಿಸುತ್ತದೆ. ಗಾಯವಿಲ್ಲದ ಕಡೆಯಲ್ಲೆಲ್ಲ ರಕ್ತವು ಸಣ್ಣಸಣ್ಣದಾಗಿ ಹೆಪ್ಪುಗಟ್ಟತೊಡಗಿ, ಫೈಬ್ರಿನೊಜೆನ್ನಿನ ಭಂಡಾರವೇ ಬರಿದಾಗುತ್ತದೆ. ನಿಜವಾಗಿ ಬೇಕಾದಾಗ ಹೆಪ್ಪುಗಟ್ಟಲು ಏನೂ ಉಳಿದಿರುವುದಿಲ್ಲ. ದುಂದುಗಾರನ ಮನೆಯಲ್ಲಿ ಹಬ್ಬದ ದಿನ ಕಣಜ ಬರಿದಾಗಿದ್ದಂತೆ! ಗಾಜಿನ ನಳಿಗೆಯಲ್ಲಿ ರಕ್ತ ಹರಿದುದಕ್ಕೆ ಇದೇ ಕಾರಣ. ಇದೇ ಕೊಳಕುಮಂಡಲದ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಬಳಸಿ, ೧೯೩೪ರಲ್ಲಿ ಮೇಲೆ ಹೇಳಿದ ಮ್ಯಾಕ್‌ಫರ್ಲೇನರು ಹಿಮೋಫಿಲಿಯಾ ರೋಗಿಗಳ ಗಾಯದ ರಕ್ತಸ್ರಾವವನ್ನು ತಡೆಯಲು ಯತ್ನಿಸಿದರು. ಇಂದಿಗೂ ರಕ್ತದ ಕೆಲವು ದೋಷಗಳನ್ನು ಪತ್ತೆ ಮಾಡುವ ಪರೀಕ್ಷೆಯಲ್ಲಿ ಆ ವಿಷವೇ ಸಾಧನ. ಪ್ರಾಣ ತೆಗೆಯುವುದು ಅರಿತವರ ಕೈಯಲ್ಲಿ ಪ್ರಾಣಕ್ಕೆ ನೆರವಾಗುತ್ತದೆ.

ಎರಡನೆಯ ಎಳೆ ಪೂರಕ ಪ್ರೋಟೀನುಗಳು. ೧೮೯೫ರ ಸುಮಾರಿಗೆ ಬೆಲ್ಜಿಯಮಿನ ಜೂಲ್ಸ್ ಬೋರ್ಡೆ ಎಂಬ ತರುಣ ವಿಜ್ಞಾನಿ ಪ್ಯಾರಿಸ್ಸಿನಲ್ಲಿ ಒಂದು ಪ್ರಯೋಗ ಮಾಡಿದನು. ರೋಗಾಣುಗಳಿಗೆ ಪ್ರತಿರೋಧ ಪಡೆದ ಪ್ರಾಣಿಯ ತಾಜಾ ಸೀರಮ್ಮಿಗೆ ಆ ರೋಗಾಣುಗಳನ್ನು ಕೊಲ್ಲುವ ಶಕ್ತಿಯಿತ್ತು. ಸೀರಮ್ಮನ್ನು ಸುಮಾರು ೫೫ ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಆ ಶಕ್ತಿ ಇಲ್ಲವಾಗುತ್ತಿತ್ತು. ಅದಕ್ಕೆ ಸಾಮಾನ್ಯ ಪ್ರಾಣಿಯ ತಾಜಾ ಸೀರಮ್ಮನ್ನು ತುಸುವೇ ಬೆರೆಸಿದರೆ ಶಕ್ತಿ ಮರಳುತ್ತಿತ್ತು. ಅಂದರೆ ಸೀರಮ್ಮಿನಲ್ಲಿ ಶಾಖವನ್ನು ತಾಳುವ ಒಂದು ವಸ್ತುವೂ, ಶಾಖಕ್ಕೆ ಕೆಡುವ ಇನ್ನೊಂದು ವಸ್ತುವೂ ಇವೆ. ಎರಡೂ ಕೂಡಿದಾಗಲೇ ಕೆಲಸ. ಮೊದಲನೆಯದು ಪ್ರತಿಕಾಯ. ಅದಕ್ಕೆ ಪೂರಕವಾಗಿ ನಿಂತ ಎರಡನೆಯದಕ್ಕೆ ಪೂರಕವೆಂಬ ಅರ್ಥದ ಹೆಸರೇ ಮುಂದೆ ಬಂದಿತು. ಬೋರ್ಡೆಗೆ ೧೯೧೯ರ ನೊಬೆಲ್ ಪಾರಿತೋಷಕ ದೊರೆಯಿತು.

ಪೂರಕವೆಂಬುದು ಒಂದೇ ವಸ್ತುವಲ್ಲ, ಸುಮಾರು ಮೂವತ್ತು ಪ್ರೋಟೀನುಗಳ ಒಂದು ಕುಟುಂಬ ಎಂದು ಈಗ ತಿಳಿದಿದೆ. ಅವುಗಳ ಹೆಚ್ಚಿನ ಭಾಗ ಯಕೃತ್ತಿನಲ್ಲಿ ತಯಾರಾಗುತ್ತದೆ. ಇಲ್ಲಿಯೂ ಒಂದು ಕಿಣ್ವ ಇನ್ನೊಂದನ್ನು ಎಬ್ಬಿಸುವ ಅದೇ ಜಲಪಾತದ ಕ್ರಮವಿದೆ. ಇವುಗಳಲ್ಲಿ ಸಿ-೩ ಮತ್ತು ಸಿ-೫ ಎಂಬ ಎರಡು ಮುಖ್ಯ. ಸಿ-೩ ಸೀಳಿದಾಗ ಅದರ ದೊಡ್ಡ ತುಂಡು ರೋಗಾಣುವಿನ ಮೈಗೆ ಅಂಟಿಕೊಂಡು, ಇದು ಹಗೆ ಎಂದು ಮುದ್ರೆಯೊತ್ತುತ್ತದೆ. ಸಿ-೫ ಸೀಳಿದಾಗ ದೊಡ್ಡ ತುಂಡು ಇತರ ಪೂರಕಗಳೊಡನೆ ಸೇರಿ ರೋಗಾಣುವಿನ ಪೊರೆಯಲ್ಲಿ ರಂಧ್ರ ಕೊರೆಯುತ್ತದೆ. ಚಿಕ್ಕ ತುಂಡು ವ್ಯರ್ಥವಾದ ಸಿಪ್ಪೆಯೆಂದು ತೋರಬಹುದು. ಆದರೆ ಸಿ-೫ಎ ಎಂಬ ಹೆಸರಿನ ಆ ಚಿಕ್ಕ ತುಂಡೇ ಈ ಪಾಠದ ಮುಖ್ಯ ಪಾತ್ರ. ಕೇವಲ ೭೪ ಅಮೈನೋ ಆಮ್ಲಗಳ ಆ ತುಣುಕು ಗಾಯದಿಂದ ಸುತ್ತಮುತ್ತಲಿಗೆ ಹರಡಿ, ಡಂಗುರ ಸಾರಿದಂತೆ ಬಿಳಿಯ ರಕ್ತಕಣಗಳನ್ನು ಕರೆಯುತ್ತದೆ.

ಬಿಳಿಯ ಕಣಗಳು ಕರೆಗೆ ಓಗೊಟ್ಟು ಚಲಿಸುತ್ತವೆಂಬುದೇ ಮೂರನೆಯ ಎಳೆ. ಅದನ್ನು ಮೊದಲು ಮನಗಾಣಿಸಿದವನು ರಷ್ಯದ ಮೆಚ್ನಿಕಾಫ್. ೧೮೮೨ರಲ್ಲಿ ಅವನು ಇಟಲಿಯ ಮೆಸ್ಸಿನಾ ಪಟ್ಟಣದ ಕಡಲದಂಡೆಯಲ್ಲಿದ್ದನು. ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಯೊಂದರ ಮೈಗೆ ಗುಲಾಬಿಯ ಮುಳ್ಳನ್ನು ಚುಚ್ಚಿಟ್ಟು ಮಲಗಿದನು. ಮಾರನೆಯ ಬೆಳಿಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮುಳ್ಳಿನ ಸುತ್ತಲೂ ಚಲಿಸುವ ಜೀವಕೋಶಗಳು ಮುತ್ತಿಕೊಂಡಿದ್ದವು. ಮನುಷ್ಯನ ಬೆರಳಿಗೆ ಮುಳ್ಳು ನಾಟಿ ಕೀವು ಕಟ್ಟುವುದೂ ಇದೇ ಅಲ್ಲವೇ ಎಂದು ಅವನು ತರ್ಕಿಸಿದನು. ೧೯೦೮ರಲ್ಲಿ ಅವನಿಗೂ ಜರ್ಮನಿಯ ಪಾಲ್ ಏರ್ಲಿಖ್ ಎಂಬವನಿಗೂ ನೊಬೆಲ್ ಪಾರಿತೋಷಕವನ್ನು ಹಂಚಿ ನೀಡಲಾಯಿತು.

ಹೀಗೆ ಮುತ್ತುವ ಬಿಳಿಯ ಕಣಗಳಲ್ಲಿ ಎಲ್ಲಕ್ಕಿಂತ ಮೊದಲು ಬರುವುದು ನ್ಯೂಟ್ರೊಫಿಲ್. ಆರೋಗ್ಯವಂತನ ಮೂಳೆಯ ಮಜ್ಜೆ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೊಫಿಲ್‌ಗಳನ್ನು ತಯಾರಿಸುತ್ತದೆ. ರಕ್ತದ ಹೊಳೆಯಲ್ಲಿ ಕೊಚ್ಚಿಕೊಂಡು ಹೋಗುತ್ತಿರುವ ಈ ಕಣಕ್ಕೆ, ದಡದಲ್ಲಿ ಯಾವ ಜಾಗದಲ್ಲಿ ಇಳಿಯಬೇಕೆಂದು ತಿಳಿಯುವುದು ಹೇಗೆ? ಅದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಬಿದ್ದ ಬೆಲ್ಲದ ಹರಳನ್ನು ಇರುವೆ ವಾಸನೆಯ ಜಾಡು ಹಿಡಿದು ಮುಟ್ಟುವಂತೆ, ನ್ಯೂಟ್ರೊಫಿಲ್ ರಾಸಾಯನಿಕದ ಜಾಡು ಹಿಡಿಯುತ್ತದೆ. ತನ್ನ ಮೈಯ ಒಂದು ಕಡೆಗೆ ತಾಗುವ ಸಿ-೫ಎ ಇನ್ನೊಂದು ಕಡೆಗಿಂತ ತುಸು ಹೆಚ್ಚಾಗಿದ್ದರೂ ಸಾಕು, ಹೆಚ್ಚಿದ್ದ ಕಡೆಗೆ ಮೈಚಾಚಿ ತೆವಳುತ್ತದೆ.

ಆದರೆ ತೆವಳುವುದಕ್ಕೆ ಮುಂಚೆ ಅದು ನಿಲ್ಲಬೇಕು. ಇಲ್ಲಿಯೇ ಹೆಪ್ಪುಗಟ್ಟಿಸುವ ಕಿಣ್ವಗಳು ಪೂರಕ ಪ್ರೋಟೀನುಗಳ ಕೈಹಿಡಿಯುತ್ತವೆ. ಗಾಯದ ಬಳಿ ಹುಟ್ಟಿದ ಥ್ರಾಂಬಿನ್ ರಕ್ತನಾಳದ ಒಳಗೋಡೆಯ ಕೋಶಗಳನ್ನು ಮುಟ್ಟಿ ಎಚ್ಚರಿಸುತ್ತದೆ. ಕೆಲವೇ ನಿಮಿಷಗಳಲ್ಲಿ ಆ ಕೋಶಗಳು ತಮ್ಮೊಳಗೆ ಬಚ್ಚಿಟ್ಟುಕೊಂಡಿದ್ದ ಸೆಲೆಕ್ಟಿನ್ ಎಂಬ ಅಂಟಿನಂತಹ ಪ್ರೋಟೀನನ್ನು ಹೊರಮೈಗೆ ತರುತ್ತವೆ. ಹೊಳೆಯಲ್ಲಿ ತೇಲಿ ಬಂದ ನ್ಯೂಟ್ರೊಫಿಲ್ ಆ ಅಂಟಿಗೆ ತಗುಲಿ ವೇಗ ಕಳೆದುಕೊಂಡು, ಗೋಡೆಯ ಮೇಲೆ ಚೆಂಡಿನಂತೆ ಉರುಳುತ್ತದೆ. ಅಷ್ಟರಲ್ಲಿ ಸಿ-೫ಎಯ ಕರೆ ಅದಕ್ಕೆ ತಲುಪುತ್ತದೆ. ಕರೆ ಕೇಳಿದ ನ್ಯೂಟ್ರೊಫಿಲ್ ಇಂಟೆಗ್ರಿನ್‌ಗಳೆಂಬ ತನ್ನ ಕೈಗಳನ್ನು ಚಾಚಿ ಗೋಡೆಯನ್ನು ಬಲವಾಗಿ ಹಿಡಿಯುತ್ತದೆ; ಎರಡು ಕೋಶಗಳ ನಡುವಿನ ಸಂದಿಯಲ್ಲಿ ಮೈಯನ್ನು ಹಿಂಡಿ ನುಸುಳಿ ಅಂಗಾಂಶಕ್ಕೆ ಇಳಿಯುತ್ತದೆ. ಥ್ರಾಂಬಿನ್ ಬಾಗಿಲು ತೆರೆಯಿತು. ಸಿ-೫ಎ ದಾರಿ ತೋರಿತು.

ಇವೆರಡರ ನಂಟು ಇಷ್ಟಕ್ಕೇ ಮುಗಿಯುವುದಿಲ್ಲ. ಸಿ-೫ನ್ನು ಸೀಳುವುದು ಪೂರಕ ಕುಟುಂಬದ ಕಿಣ್ವಗಳಿಗೆ ಮೀಸಲಾದ ಕೆಲಸವೆಂದು ಎಣಿಸಲಾಗಿತ್ತು. ಥ್ರಾಂಬಿನ್ ಕೂಡ ಸಿ-೫ನ್ನು ನೇರವಾಗಿ ಸೀಳಿ ಸಿ-೫ಎಯನ್ನು ಹುಟ್ಟಿಸಬಲ್ಲುದೆಂದು ೨೦೦೬ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿತು. ಅಂದರೆ ಕಟ್ಟೆ ಕಟ್ಟುವವನೇ ಡಂಗುರವನ್ನೂ ಸಾರಬಲ್ಲ. ಫೈಬ್ರಿನೊಜೆನ್ನನ್ನು ಕತ್ತರಿಸುವಾಗ ಉದುರುವ ಚೂರುಗಳಿಗೂ ಬಿಳಿಯ ಕಣಗಳನ್ನು ಸೆಳೆಯುವ ಗುಣವಿದೆ. ಇನ್ನೊಂದು ಸಂಗತಿ ಮತ್ತೂ ಸೋಜಿಗದ್ದು. ನ್ಯೂಟ್ರೊಫಿಲ್ಲಿನ ಇಂಟೆಗ್ರಿನ್‌ಗಳಲ್ಲಿ ಒಂದು, ಫೈಬ್ರಿನ್ ನೂಲನ್ನು ಹಿಡಿಯುವುದಕ್ಕೂ ರೋಗಾಣುವಿನ ಮೇಲೆ ಪೂರಕವು ಒತ್ತಿದ ಮುದ್ರೆಯನ್ನು ಗುರುತಿಸುವುದಕ್ಕೂ ಬಳಕೆಯಾಗುತ್ತದೆ. ಒಂದೇ ಕೈ ಹಗ್ಗವನ್ನು ಹಿಡಿದು ನಡೆಯುತ್ತದೆ, ಅದೇ ಕೈ ಕಳ್ಳನನ್ನೂ ಹಿಡಿಯುತ್ತದೆ.

ಈ ಕೈಯಿಲ್ಲದೆ ಹುಟ್ಟುವ ಶಿಶುಗಳುಂಟು. ಅದು ಬಲು ಅಪರೂಪದ ಆನುವಂಶಿಕ ದೋಷ. ಅಂತಹ ಶಿಶುವಿನ ರಕ್ತದಲ್ಲಿ ಬಿಳಿಯ ಕಣಗಳು ಬೇಕಾದಷ್ಟಿರುತ್ತವೆ. ಆದರೆ ರಕ್ತನಾಳದಿಂದ ಇಳಿದು ಗಾಯಕ್ಕೆ ಬರಲಾರವು. ಹೊಕ್ಕುಳಬಳ್ಳಿ ಕಳಚಿ ಬೀಳುವುದೂ ತಡವಾಗುತ್ತದೆ. ಗಾಯದಲ್ಲಿ ಕೀವು ಕಟ್ಟುವುದಿಲ್ಲ, ಗಾಯ ಮಾಯುವುದೂ ಇಲ್ಲ. ಕೀವನ್ನು ಕಂಡು ಅಸಹ್ಯಪಡುವವರು ಇದನ್ನು ನೆನೆಯಬೇಕು. ಕೀವೆಂದರೆ ಬಹುಮಟ್ಟಿಗೆ ಕರ್ತವ್ಯದಲ್ಲಿ ಮಡಿದ ನ್ಯೂಟ್ರೊಫಿಲ್‌ಗಳ ರಾಶಿಯೇ.

ಹೆಪ್ಪುಗಟ್ಟುವಿಕೆಯೂ ರಕ್ಷಣೆಯೂ ಹೀಗೆ ಹೆಣೆದುಕೊಂಡಿರುವುದಕ್ಕೆ ಕಾರಣ ಜೀವವಿಕಾಸದ ಹಳೆಯ ಪುಟಗಳಲ್ಲಿದೆ. ಒಡಿಶಾದ ಕರಾವಳಿಯಲ್ಲಿಯೂ ಕಾಣಸಿಗುವ ಕುದುರೆಲಾಳದ ಏಡಿ ಕೋಟ್ಯಂತರ ವರ್ಷಗಳಿಂದ ಹೆಚ್ಚು ಬದಲಾಗದೆ ಉಳಿದ ಪ್ರಾಣಿ. ಅದರ ರಕ್ತದಲ್ಲಿ ಒಂದು ಬಗೆಯ ಕಣವೇ ಎರಡೂ ಕೆಲಸಗಳನ್ನು ಮಾಡುತ್ತದೆ. ರೋಗಾಣುವಿನ ಸುಳಿವು ಸಿಕ್ಕೊಡನೆ ಆ ಕಣಗಳು ಒಡೆದು ಸುತ್ತಲಿನ ದ್ರವವನ್ನು ಹೆಪ್ಪುಗಟ್ಟಿಸಿ, ರೋಗಾಣುವನ್ನು ಅಲ್ಲಿಯೇ ಸೆರೆಹಿಡಿಯುತ್ತವೆ. ಮನುಷ್ಯನಲ್ಲಿ ಕೆಲಸಗಳು ಬೇರೆ ಬೇರೆಯಾಗಿ ಹಂಚಿಹೋದರೂ ದಾಯಾದಿಗಳ ನಡುವಿನ ಮಾತುಕತೆ ನಿಂತಿಲ್ಲ.

ಪೂರಕದ ಅಧ್ಯಯನಕ್ಕೂ ಹಾವೇ ನೆರವಾಯಿತು. ನಾಗರಹಾವಿನ ವಿಷವು ಸೀರಮ್ಮಿನ ಪೂರಕಶಕ್ತಿಯನ್ನು ಕುಂದಿಸುತ್ತದೆಂಬುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಗೊತ್ತಾಗಿತ್ತು. ಆ ವಿಷದಲ್ಲಿ ಸಿ-೩ನ್ನು ಹೋಲುವ ಒಂದು ಪ್ರೋಟೀನಿದೆ. ಅದು ಪೂರಕದ ಜಲಪಾತವನ್ನು ಬಿಡುವಿಲ್ಲದೆ ಹರಿಯಿಸಿ ಬತ್ತಿಸಿಬಿಡುತ್ತದೆ. ವಿಜ್ಞಾನಿಗಳು ಅದನ್ನು ಬೇರ್ಪಡಿಸಿ, ಪ್ರಯೋಗದ ಪ್ರಾಣಿಗಳಲ್ಲಿ ಪೂರಕವನ್ನು ತಾತ್ಕಾಲಿಕವಾಗಿ ಬರಿದು ಮಾಡಿ, ಆಗ ಬಿಳಿಯ ಕಣಗಳ ನಡೆ ಹೇಗೆ ಬದಲಾಗುತ್ತದೆಂದು ನೋಡಿ ತಿಳಿದರು. ಮಂಡಲದ ವಿಷ ಹೆಪ್ಪಿನ ಜಲಪಾತವನ್ನು ಬರಿದು ಮಾಡಿದರೆ, ನಾಗರದ ವಿಷ ಪೂರಕದ ಜಲಪಾತವನ್ನು ಬರಿದು ಮಾಡುತ್ತದೆ.

ಈಗ ಎರಡನೆಯ ಪ್ರಶ್ನೆಗೆ ಬರಬಹುದು. ಪಾದವು ಕೊಳೆತುದೇಕೆ? ಗರಗಸಮಂಡಲದ ವಿಷದಲ್ಲಿರುವ ಕಿಣ್ವಗಳು ರಕ್ತನಾಳದ ಗೋಡೆಯನ್ನೂ ಮಾಂಸವನ್ನೂ ಕರಗಿಸುತ್ತವೆಂಬುದು ಮೊದಲೇ ತಿಳಿದಿತ್ತು. ಆದರೆ ಅದೊಂದೇ ಕಾರಣವಲ್ಲವೆಂದು ತೋರಿಸಿದ ಕೆಲಸ ನಡೆದುದು ದೂರದ ದೇಶದಲ್ಲಲ್ಲ, ನೆರೆಯ ಮೈಸೂರಿನಲ್ಲಿ. ೧೯೧೬ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ಜೀವರಸಾಯನಶಾಸ್ತ್ರ ವಿಭಾಗದಲ್ಲಿ ಹಾವಿನ ವಿಷದ ಅಧ್ಯಯನಕ್ಕೆ ದೀರ್ಘವಾದ ಪರಂಪರೆಯಿದೆ. ಅಲ್ಲಿಯ ಕೆ. ಕೆಂಪರಾಜು, ಅವರೊಡನೆ ಕೆ. ಎಸ್. ಗಿರೀಶ್ ಮತ್ತು ಹಲವು ತರುಣ ಸಂಶೋಧಕರು ನಡೆಸಿದ ಅಧ್ಯಯನವು ೨೦೧೬ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಆ ಅಧ್ಯಯನವನ್ನು ತಿಳಿಯಲು ನ್ಯೂಟ್ರೊಫಿಲ್ಲಿನ ಕೊನೆಯ ಅಸ್ತ್ರವೊಂದನ್ನು ತಿಳಿಯಬೇಕು. ಜೀವಕೋಶದ ಕೇಂದ್ರದಲ್ಲಿ ಡಿ.ಎನ್.ಎ. ಎಂಬ ಆನುವಂಶಿಕ ನೂಲು ಸುತ್ತಿಕೊಂಡಿರುತ್ತದೆ. ಬಿಡಿಸಿ ಎಳೆದರೆ ಒಂದೇ ಕೋಶದ ನೂಲು ಸುಮಾರು ಎರಡು ಮೀಟರ್ ಉದ್ದವಾಗುತ್ತದೆ. ನುಂಗಿ ಕೊಲ್ಲಲಾಗದ ಹಗೆ ಎದುರಾದಾಗ ನ್ಯೂಟ್ರೊಫಿಲ್ ತನ್ನ ಮೈಯನ್ನೇ ಒಡೆದುಕೊಂಡು ಈ ನೂಲನ್ನು ಬಲೆಯಾಗಿ ಹೊರಚೆಲ್ಲುತ್ತದೆ. ಬಲೆಯಲ್ಲಿ ರೋಗಾಣುಗಳು ಸಿಕ್ಕಿಬೀಳುತ್ತವೆ. ಇದನ್ನು ೨೦೦೪ರಲ್ಲಿ ಜರ್ಮನಿಯ ಬರ್ಲಿನ್ನಿನ ವಿಜ್ಞಾನಿಗಳು ಕಂಡುಹಿಡಿದರು.

ಮೈಸೂರಿನ ಸಂಶೋಧಕರು ಕೇಳಿದ ಪ್ರಶ್ನೆ ಇದು: ಹಾವು ಕಚ್ಚಿದ ಜಾಗಕ್ಕೆ ಗುಂಪುಗುಂಪಾಗಿ ಬರುವ ನ್ಯೂಟ್ರೊಫಿಲ್‌ಗಳು ಅಲ್ಲಿ ಮಾಡುವುದೇನು? ಚಿಕ್ಕ ಇಲಿಗಳ ಬಾಲಕ್ಕೆ ಗರಗಸಮಂಡಲದ ವಿಷವನ್ನು ಚುಚ್ಚಿ ನೋಡಿದರು. ನ್ಯೂಟ್ರೊಫಿಲ್‌ಗಳು ಬಂದವು, ವಿಷವನ್ನು ಎದುರಿಸಿ ಬಲೆಗಳನ್ನು ಚೆಲ್ಲಿದವು. ಆ ಬಲೆಗಳು ವಿಷವನ್ನು ಹಿಡಿದು ಕಚ್ಚಿದ ಜಾಗದಲ್ಲಿಯೇ ಕೂಡಿಹಾಕಿದವು. ಸಣ್ಣ ರಕ್ತನಾಳಗಳನ್ನೂ ಮುಚ್ಚಿಬಿಟ್ಟವು. ರಕ್ತ ಬರುವ ದಾರಿ ಕಟ್ಟಿತು, ವಿಷ ಹೋಗುವ ದಾರಿಯೂ ಕಟ್ಟಿತು. ಉಸಿರಿಲ್ಲದ ಮಾಂಸವು ವಿಷದಲ್ಲಿಯೇ ನೆನೆದು ಕೊಳೆಯಿತು. ರಕ್ತವೇ ತಲುಪದ ಕಡೆಗೆ ಪ್ರತಿವಿಷ ತಲುಪುವುದಾದರೂ ಹೇಗೆ? ಬೇಲಿಯೇ ಎದ್ದು ಹೊಲವನ್ನು ಮೇಯ್ದಂತಾಯಿತು.

ಆದರೆ ಇದು ಊಹೆಯೇ, ನಿಜವೇ? ಅದನ್ನು ಒರೆಗೆ ಹಚ್ಚಲು ಅವರು ಎರಡು ಬಗೆಯಲ್ಲಿ ಪರೀಕ್ಷಿಸಿದರು. ನ್ಯೂಟ್ರೊಫಿಲ್‌ಗಳು ಇಲ್ಲದಂತೆ ಮಾಡಿದ ಇಲಿಗಳಿಗೆ ವಿಷವನ್ನು ಚುಚ್ಚಿದರು. ಬಲೆಗಳು ಮೂಡಲಿಲ್ಲ, ವಿಷ ಒಂದೆಡೆ ಕೂಡಲಿಲ್ಲ, ಬಾಲ ಕೊಳೆಯಲಿಲ್ಲ. ಇನ್ನು ಕೆಲವು ಇಲಿಗಳಿಗೆ ವಿಷದೊಡನೆ, ಡಿ.ಎನ್.ಎ. ನೂಲನ್ನು ಕತ್ತರಿಸುವ ಡಿ.ಎನ್.ಏಸ್-೧ ಎಂಬ ಕಿಣ್ವವನ್ನೂ ಚುಚ್ಚಿದರು. ಆಗಲೂ ಬಾಲ ಉಳಿಯಿತು. ವಿಷ ಚುಚ್ಚಿದ ಅನಂತರ ಆ ಕಿಣ್ವವನ್ನು ಕೊಟ್ಟಾಗಲೂ ಹಾನಿ ತಪ್ಪಿತು. ಗರಗಸಮಂಡಲದ ವಿಷದಲ್ಲಿ ಇಂತಹ ಕತ್ತರಿಯ ಗುಣವಿಲ್ಲದುದರಿಂದಲೇ ಬಲೆಗಳು ಹಾಗೆಯೇ ನಿಲ್ಲುತ್ತವೆ ಎಂದು ಅವರು ವಿವರಿಸಿದರು. ಇದು ಇಲಿಗಳಲ್ಲಿ ಕಂಡ ಫಲ. ಮನುಷ್ಯನಿಗೆ ಔಷಧಿಯಾಗಬೇಕಾದರೆ ಇನ್ನೂ ಹಲವು ಪರೀಕ್ಷೆಗಳನ್ನು ದಾಟಬೇಕು. ಆದರೂ ದಾರಿಯೊಂದು ಕಂಡಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಗಾದೆಯಂತೆ ವಿಷವನ್ನು ಅಡಗಿಸಬೇಕು, ಅಂಗವೂ ಉಳಿಯಬೇಕು.

ರಕ್ಷಕರ ಕರೆ ಮಿತಿಮೀರಿದಾಗ ಕೇಡಾಗುವುದು ಹಾವಿನ ಕಡಿತದಲ್ಲಿ ಮಾತ್ರವಲ್ಲ. ೨೦೨೦ರಲ್ಲಿ ಜಗತ್ತನ್ನು ವ್ಯಾಪಿಸಿದ ಕೋವಿಡ್ ರೋಗ ಉಲ್ಬಣಿಸಿದವರ ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ನ್ಯೂಟ್ರೊಫಿಲ್‌ಗಳ ಬಲೆಯೂ ಹೆಪ್ಪೂ ಒಟ್ಟಿಗೆ ಕಂಡುಬಂದವು. ಸಿ-೫ಎಯ ಕರೆ ನ್ಯೂಟ್ರೊಫಿಲ್ಲಿಗೆ ಕೇಳಿಸದಂತೆ ತಡೆಯುವ ಔಷಧಿಯೊಂದಕ್ಕೆ, ರಕ್ತನಾಳಗಳು ಉರಿಯೂತಕ್ಕೆ ಒಳಗಾಗುವ ಒಂದು ರೋಗದ ಚಿಕಿತ್ಸೆಗಾಗಿ, ೨೦೨೧ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆತಿದೆ. ಕರೆಯೇ ಇಲ್ಲದಿದ್ದರೆ ಗಾಯ ಮಾಯದು. ಕರೆ ನಿಲ್ಲದಿದ್ದರೆ ದೇಹ ಬಾಳದು. ಹಿತವಿರುವುದು ಮಿತದಲ್ಲಿ.

ಈ ಅರಿವು ಪ್ರಯೋಗಶಾಲೆಯಲ್ಲಿ ಮಾತ್ರ ಉಳಿಯತಕ್ಕದ್ದಲ್ಲ. ಹೊಲದ ಬದುವಿಗೂ ತಲುಪಬೇಕು. ೨೦೦೦ದಿಂದ ೨೦೧೯ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಸುಮಾರು ೧೨ ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ ೫೮,೦೦೦ ಜನ, ಹಾವಿನ ಕಡಿತದಿಂದ ಸತ್ತರೆಂದು ೨೦೨೦ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿದೆ. ಅವರಲ್ಲಿ ಹೆಚ್ಚಿನವರು ಹಳ್ಳಿಗರು. ೨೦೨೪ರಲ್ಲಿ ಕರ್ನಾಟಕ ಸರ್ಕಾರವು ಹಾವಿನ ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ವಿಧಿಸಿತು. ಅದೇ ವರ್ಷ ಕೇಂದ್ರ ಸರ್ಕಾರವು ೨೦೩೦ರ ವೇಳೆಗೆ ಈ ಸಾವುಗಳನ್ನು ಅರ್ಧಕ್ಕೆ ಇಳಿಸುವ ಯೋಜನೆಯನ್ನು ಪ್ರಕಟಿಸಿತು.

ಹಾವು ಕಚ್ಚಿದೊಡನೆ ಕಾಲಿಗೆ ಹಗ್ಗವನ್ನು ಬಿಗಿಯುವುದು ಹಳೆಯ ವಾಡಿಕೆ. ವಿಷ ಮೇಲೇರದಿರಲೆಂಬುದು ಅದರ ಆಶಯ. ಆದರೆ ಮಂಡಲದ ವಿಷ ಕಚ್ಚಿದ ಜಾಗದಲ್ಲಿಯೇ ನಿಂತು ರಕ್ತದ ದಾರಿಯನ್ನು ಕಟ್ಟುತ್ತದೆಂದು ತಿಳಿದ ಮೇಲೆ, ಮೇಲಿನಿಂದಲೂ ಹಗ್ಗ ಬಿಗಿದು ಅದಕ್ಕೆ ನೆರವಾಗುವುದು ಜಾಣತನವಲ್ಲವೆಂಬುದು ಸ್ಪಷ್ಟ. ಗಾಯವನ್ನು ಕೊಯ್ಯುವುದಂತೂ ಹೆಪ್ಪುಗಟ್ಟದ ರಕ್ತವನ್ನು ಹರಿಯಗೊಟ್ಟಂತೆ. ಬಾಯಿಂದ ಹೀರುವುದರಿಂದಲೂ ಸೊಪ್ಪು ಮೆತ್ತುವುದರಿಂದಲೂ ಫಲವಿಲ್ಲ, ಹೊತ್ತು ಕಳೆಯುತ್ತದೆ. ಕಚ್ಚಿಸಿಕೊಂಡವರಿಗೆ ಧೈರ್ಯ ಹೇಳಬೇಕು. ಕಾಲುಂಗುರ, ಬಳೆ, ಗೆಜ್ಜೆಗಳನ್ನು ಊತ ಏರುವ ಮೊದಲೇ ತೆಗೆಯಬೇಕು. ಕಚ್ಚಿದ ಅಂಗವನ್ನು ಅಲುಗಾಡಿಸದಂತೆ ಇಟ್ಟು, ಅವರನ್ನು ನಡೆಸದೆ, ಪ್ರತಿವಿಷವಿರುವ ಆಸ್ಪತ್ರೆಗೆ ಆದಷ್ಟು ಬೇಗ ಸಾಗಿಸಬೇಕು.

ಹರವೆಯ ಸೀಮೆಯಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದಾಗ ಕಳೆ ಕೀಳುವ ಕೈಗಳು ಮತ್ತೆ ನೆಲಕ್ಕೆ ಬಾಗುತ್ತವೆ. ಬಾಗಿದ ಆ ದೇಹಗಳ ಒಳಗೆ ಅಸಂಖ್ಯ ಕಿಣ್ವಗಳು ನಿದ್ರಿಸುತ್ತಿವೆ, ಅಸಂಖ್ಯ ಬಿಳಿಯ ಕಣಗಳು ಸುತ್ತುತ್ತಿವೆ. ಒಂದು ಮುಳ್ಳು ಚುಚ್ಚಿದರೂ ಸಾಕು. ನೆತ್ತರು ಕರೆಯುತ್ತದೆ, ಅವು ಹೊರಡುತ್ತವೆ. ದೇಹದೊಳಗಿನ ಈ ಕರೆಗೆ ಕ್ಷಣವೂ ತಡವಿಲ್ಲ. ಹೊಲದಲ್ಲಿ ಬಿದ್ದವರ ಕರೆಗೂ ಊರು ಹಾಗೆಯೇ ತಡವಿಲ್ಲದೆ ಓಗೊಟ್ಟರೆ ಎಷ್ಟೋ ಪ್ರಾಣಗಳು ಉಳಿಯುತ್ತವೆ.

ಪದಗಳ ಅರ್ಥ

ಅಂಗಾಂಶ – ಒಂದೇ ಬಗೆಯ ಜೀವಕೋಶಗಳ ಸಮೂಹ
ಓಗೊಡು – ಕರೆಗೆ ಉತ್ತರ ಕೊಡು
ಒರೆಗೆ ಹಚ್ಚು – ಪರೀಕ್ಷಿಸು
ಕಣಜ – ಧಾನ್ಯ ತುಂಬಿಡುವ ಜಾಗ
ಕಿಣ್ವ – ದೇಹದ ರಾಸಾಯನಿಕ ಕ್ರಿಯೆಯನ್ನು ತ್ವರಿತಗೊಳಿಸುವ ಪ್ರೋಟೀನು
ಡಂಗುರ – ಊರಿಗೆಲ್ಲ ತಿಳಿಯುವಂತೆ ವಾದ್ಯ ಬಡಿದು ಸಾರುವುದು
ದಾಯಾದಿ – ಒಂದೇ ವಂಶದ ಪಾಲುಗಾರ
ಸೀರಮ್ – ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿಯಾದ ದ್ರವ

ಅಭ್ಯಾಸ

೧. ಗಾಜಿನ ನಳಿಗೆಯ ಪರೀಕ್ಷೆಯಿಂದ ವೈದ್ಯರಿಗೆ ಏನು ತಿಳಿಯುತ್ತದೆ?
೨. 'ಥ್ರಾಂಬಿನ್ ಬಾಗಿಲು ತೆರೆಯಿತು. ಸಿ-೫ಎ ದಾರಿ ತೋರಿತು.' ಈ ಮಾತನ್ನು ವಿವರಿಸಿರಿ.
೩. ಬೋರ್ಡೆ ಮತ್ತು ಮೆಚ್ನಿಕಾಫ್ ಅವರ ಪ್ರಯೋಗಗಳನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.
೪. ಮೈಸೂರಿನ ಸಂಶೋಧಕರು ತಮ್ಮ 'ಊಹೆ'ಯನ್ನು ಹೇಗೆ ಪರೀಕ್ಷಿಸಿದರು?
೫. 'ಬೇಲಿಯೇ ಎದ್ದು ಹೊಲ ಮೇಯ್ದಂತೆ' ಎಂಬ ಗಾದೆ ಈ ಪಾಠಕ್ಕೆ ಹೇಗೆ ಒಪ್ಪುತ್ತದೆ?
೬. ಹಾವು ಕಚ್ಚಿದಾಗ ಮಾಡಬೇಕಾದುದನ್ನೂ ಮಾಡಬಾರದುದನ್ನೂ ಪಟ್ಟಿ ಮಾಡಿ, ನಿಮ್ಮ ಮನೆಯವರಿಗೆ ಓದಿ ಹೇಳಿರಿ.